ನಂಜಿನ ಪದಾರ್ಥ

ಬೇಯಿಸಿದ ಮೊಟ್ಟೆಯನ್ನು ಯಾರಿಗೂ ಕಾಣದಂತೆ ಸುಲಿಯುವುದು ಈ ಹನ್ನೆರಡು ದಿನಗಳಲ್ಲಿ ವೆಂಕಟಮ್ಮನಿಗೆ ಚೆನ್ನಾಗಿ ಕೈಗೂಡಿತ್ತು. ಗಂಡ ದಾಸಪ್ಪನ ಮಂಚಕ್ಕೆ ಬೆನ್ನು ಹಾಕಿ ನಿಲ್ಲುವುದು, ಆಸ್ಪತ್ರೆಯವರು ತೊಡಿಸಿದ ಹಸಿರು ಗೌನಿನ ಮರೆಯಲ್ಲಿ ಅವನ ಪಾಲಿನ ಎರಡು ಮೊಟ್ಟೆಗಳನ್ನು ಒಂದಕ್ಕೊಂದು ತಟ್ಟುವುದು, ಸಿಪ್ಪೆಯನ್ನು ಜೇಬಿಗಿಳಿಸಿ ಮೊಟ್ಟೆಯನ್ನು ಪಕ್ಕದ ಮಂಚದ ಇರಣ್ಣನ ತಟ್ಟೆಗೆ ದಾಟಿಸುವುದು. ಕಣ್ಣುಮುಚ್ಚಿ ತೆಗೆಯುವುದರೊಳಗೆ ಕೆಲಸ ಮುಗಿಯುತ್ತಿತ್ತು. ಬಸ್ಸಿನಲ್ಲಿ ಕಂಡಕ್ಟರು ಚೀಟಿ ಕೊಡಲು ಮರೆತರೆ ತಾನೇ ಕರೆದು ಕೇಳಿ ಪಡೆಯುವ ಹೆಂಗಸು ಇಷ್ಟು ಬೇಗ ಕಳ್ಳಿಯಾದದ್ದು ಅವಳಿಗೇ ಆಶ್ಚರ್ಯವಾಗಿತ್ತು.

"ದಿನಾ ನನಗ ಕೊಟ್ರ ಹೆಂಗ್ರೀ ಅವ್ವಾರ? ಅಣ್ಣಾರಿಗೆ ಒಂದರ ಕೊಡ್ರಿ" ಎಂದು ಇರಣ್ಣ ಪಿಸುಗುಟ್ಟಿದ. ಅವನು ಗದಗದ ಕಡೆಯವನು, ಪೀಣ್ಯದ ಒಂದು ಕ್ಯಾಂಟೀನಿನಲ್ಲಿ ಅಡಿಗೆಯವನು. ಕುದಿಯುವ ಸಾಂಬಾರು ಬಲಗೈ ಮೇಲೆ ಮಗುಚಿಕೊಂಡು ಬಂದು ಮಲಗಿದ್ದ.

"ಅವರಿಗೆ ಆಗಕಿಲ್ಲ ಕಣಪ್ಪ. ನೀನು ಬಿರ್ರನೆ ತಿನ್ನು, ನರ್ಸಮ್ಮ ಬತ್ತಾರೆ."

"ನಮ್ಮೂರಾಗ ಮಾತ್ರ ಯಾರಿಗೂ ಹೇಳಬ್ಯಾಡ್ರಿ. ಕೊರಳಾಗ ಲಿಂಗ ಐತಿ" ಎಂದು ಇರಣ್ಣ ಗೋಡೆಯ ಕಡೆ ತಿರುಗಿ ಎರಡೂ ಮೊಟ್ಟೆಗಳನ್ನು ಮುಗಿಸಿದ.

ಇನ್ನೊಬ್ಬರ ಗಾಯಕ್ಕೆ ಕೇಡು ಬಯಸುವವಳಲ್ಲ ವೆಂಕಟಮ್ಮ. ಮೊದಲ ದಿನವೇ ಅವನನ್ನು ಎಚ್ಚರಿಸಿದ್ದಳು, ಮೊಟ್ಟೆ ನಂಜಪ್ಪಾ, ತಿಂದರೆ ಗಾಯ ಕೀವು ಹಿಡಿಯುತ್ತದೆ ಎಂದು. ಅವನು ನಕ್ಕು, ನನ್ನ ಹೊಟ್ಟೆಗೆ ಕಲ್ಲು ಹಾಕಿದರೂ ಕರಗುತ್ತದೆ ಎಂದಿದ್ದ. ಅನ್ನದ ಪದಾರ್ಥವನ್ನು ಕಸದ ಬುಟ್ಟಿಗೆ ಹಾಕುವ ಕೈ ಅವಳದಲ್ಲ. ಹಾಗಾಗಿ ಬೆಳಿಗ್ಗೆ ಎರಡು, ಸಂಜೆ ಎರಡು ಮೊಟ್ಟೆ, ಮಧ್ಯಾಹ್ನದ ಒಂದು ಬಟ್ಟಲು ಗಟ್ಟಿ ಬೇಳೆ, ಎಲ್ಲ ಇರಣ್ಣನ ಪಾಲಾಯಿತು. ಅವನ ಗಾಯ ದಿನದಿಂದ ದಿನಕ್ಕೆ ಒಣಗಿ, ಅಂಚಿನಲ್ಲಿ ಹೊಸ ಚರ್ಮ ತೋರುತ್ತಿತ್ತು. ಅದನ್ನು ಕಂಡೂ ಅವಳಿಗೆ ಏನೂ ಹೊಳೆಯಲಿಲ್ಲ. ಜೋಳದ ಸೀಮೆಯವನು, ಅವನ ಮೈಗುಣವೇ ಬೇರೆ ಎಂದುಕೊಂಡಳು.

ದಾಸಪ್ಪನ ಮೈ ಮಾತ್ರ ಇಳಿಯುತ್ತಲೇ ಇತ್ತು. ಯಂತ್ರದ ಗೇರು, ಬೋಲ್ಟುಗಳನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಎಣ್ಣೆತೊಟ್ಟಿಯಲ್ಲಿ ಅದ್ದಿ ಗಟ್ಟಿ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ಅವನಿಗೆ ಹದಿನಾರು ವರ್ಷದ ಕೆಲಸ. ಮಾಕಳಿಯಿಂದ ಪೀಣ್ಯಕ್ಕೆ ಸೈಕಲ್ಲಿನಲ್ಲಿ ಹೋಗಿ ಬರುತ್ತಿದ್ದ. ತೊಂಬತ್ತಾರರ ಡಿಸೆಂಬರಿನ ಒಂದು ಬೆಳಿಗ್ಗೆ, ಕಾದ ಗೇರು ತುಂಬಿದ ಬುಟ್ಟಿಯ ಸರಪಳಿ ಕಳಚಿ, ಬುಟ್ಟಿ ಧೊಪ್ಪನೆ ತೊಟ್ಟಿಗೆ ಬಿತ್ತು. ಎಣ್ಣೆ ಹೊತ್ತಿಕೊಂಡು ಹಾರಿತು. ಅವನ ಎರಡೂ ಕಾಲು ತೊಡೆಯವರೆಗೆ, ಎಡಗೈ ಮೊಣಕೈವರೆಗೆ ಬೆಂದುಹೋಯಿತು. ಈಗ ಅವನ ಕಾಲುಗಳ ಮೇಲೆ ಕಮಾನಿನಂಥ ಕಬ್ಬಿಣದ ಚೌಕಟ್ಟು, ಅದರ ಮೇಲೆ ಬಿಳಿ ಬಟ್ಟೆ. ಒಳಗೆ ನೋಡುವ ಧೈರ್ಯ ವೆಂಕಟಮ್ಮನಿಗೆ ಮೂರನೆಯ ದಿನ ಬಂದಿತ್ತು.

ಆಸ್ಪತ್ರೆಗೆ ಸೇರಿಸಿದ ದಿನವೇ ಡಾಕ್ಟರ್ ಮಹಾದೇವಿ ಅವಳನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ರಾಣೆಬೆನ್ನೂರಿನ ಕಡೆಯ ಹುಡುಗಿ, ಇಪ್ಪತ್ತಾರೋ ಇಪ್ಪತ್ತೇಳೋ. ಇಂಗ್ಲಿಷಿನಲ್ಲಿ ಹೇಳಿದರೆ ಈ ಅಮ್ಮನಿಗೆ ತಿಳಿಯದು ಎಂದು, ತನ್ನ ಅಜ್ಜ ಬಳಸುತ್ತಿದ್ದ ಮಾತನ್ನೇ ಹುಡುಕಿ ತೆಗೆದು ಹೇಳಿದ್ದರು.

"ಅಮ್ಮಾರ, ಇವ್ರ ಸುಟ್ಟಗಾಯಕ್ಕಿಂತ ನಂಜಿಂದ ನನಗ ಅಂಜಿಕಿ. ಒಟ್ಟ ನಂಜು ಆಗಬಾರ್ದು. ಅದೊಂದು ನೀವು ನೋಡ್ಕೊಂಡ್ರ, ಉಳಿದದ್ದು ನಾವು ನೋಡ್ಕೋತೀವಿ. ಕೈ ತೊಳಕೊಳ್ಳದ ಮುಟ್ಟಬ್ಯಾಡ್ರಿ. ಊಟ ಇಲ್ಲಿಂದನ ಬರತೈತಿ, ಎಲ್ಲಾ ತಿನ್ನಸ್ರಿ."

ಇಷ್ಟೆಲ್ಲದರಲ್ಲಿ ವೆಂಕಟಮ್ಮನ ಕಿವಿಗೆ ಬಿದ್ದದ್ದು ಒಂದೇ ಮಾತು. ನಂಜು ಆಗಬಾರದು. ದೊಡ್ಡ ಡಾಕ್ಟರಾಗಿಯೂ ಈ ಹುಡುಗಿಗೆ ಎಷ್ಟು ತಿಳಿದಿದೆ ಎಂದು ಅವಳ ಎದೆ ತುಂಬಿ ಬಂತು. ಕೈ ತೊಳೆಯುವುದನ್ನೂ ಅವಳು ಬಿಡಲಿಲ್ಲ. ದಿನಕ್ಕೆ ಎಷ್ಟೋ ಸಲ ಡೆಟಾಲು ಸೋಪು ತಿಕ್ಕಿ ತಿಕ್ಕಿ ಅಂಗೈ ಬಿಳುಚಿಕೊಂಡಿತ್ತು. ಆದರೆ ಊಟದ ವಿಷಯ ಬಂದಾಗ, ಆಸ್ಪತ್ರೆಯ ಅಡಿಗೆಮನೆಯವರು ಎಲ್ಲರಿಗೂ ಒಂದೇ ಸೌಟಿನಲ್ಲಿ ಬಡಿಸುವವರು, ಯಾರಿಗೆ ಯಾವುದು ಆಗದು ಎಂದು ಅವರಿಗೇನು ಗೊತ್ತು ಎಂದುಕೊಂಡಳು. ಅದನ್ನು ಬಲ್ಲವಳು ಮನೆಯಲ್ಲೇ ಇದ್ದಳು, ದಾಸಪ್ಪನ ಅಕ್ಕ ಮಾರಕ್ಕ.

ಮಾರಕ್ಕ ಗಂಡ ಸತ್ತ ಮೇಲೆ ತವರಿಗೆ ಬಂದವಳು. ಬರುವ ಮೊದಲೂ ಆ ಮನೆ ಅವಳದೇ. ಅಪ್ಪ ತೀರಿಕೊಂಡಾಗ ದಾಸಪ್ಪನಿಗೆ ಒಂದು ವರ್ಷ, ಅವಳಿಗೆ ಹತ್ತು. ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅವಳ ಮಾತೆಂದರೆ ಮನೆಯಲ್ಲಿ ಬೆಕ್ಕು ಕೂಡ ತಲೆ ತಗ್ಗಿಸುತ್ತಿತ್ತು. ಡಾಕ್ಟರಮ್ಮ ಹೇಳಿದ್ದನ್ನು ವೆಂಕಟಮ್ಮ ವರದಿ ಮಾಡಿದಾಗ ಮಾರಕ್ಕ ಬೆರಳು ಮಡಿಸುತ್ತಾ ಪಟ್ಟಿ ಕೊಟ್ಟಳು.

"ಮೊಟ್ಟೆ, ಬಾಡು, ತೊಗರಿಬ್ಯಾಳೆ, ಬದ್ನೆಕಾಯಿ, ಕುಂಬಳಕಾಯಿ. ಒಂದೂ ಅವನ ನಾಲ್ಗೆಗೆ ಸೋಕಬಾರ್ದು ಎಂಕಟಮ್ಮ. ಅವರೆಕಾಳು ಅಂತೂ ಕಣ್ಣಲ್ಲೂ ತೋರಿಸ್ಬ್ಯಾಡ. ಮೆಣಸಿನ ಸಾರು, ಮೆತ್ತಗಿನ ಅನ್ನ. ದಿನಾ ನಾನೇ ತತ್ತೀನಿ."

ತಂದಳು ಕೂಡ. ಮಾಕಳಿಯಲ್ಲಿ ಕೆಂಪು ಬಸ್ಸು ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಇನ್ನೊಂದು ಹಿಡಿದು, ಮಡಿಲಲ್ಲಿ ಕ್ಯಾರಿಯರ್ ಇಟ್ಟುಕೊಂಡು ದಿನವೂ ಬಂದಳು. ವಾರ್ಡಿನೊಳಗೆ ಒಬ್ಬರಿಗಿಂತ ಹೆಚ್ಚು ಬಿಡುತ್ತಿರಲಿಲ್ಲ. ಆಸ್ಪತ್ರೆಯ ಅಂಗಳದ ಹೊಂಗೆಮರದ ಕೆಳಗೆ ಕಲ್ಲುಬೆಂಚಿನ ಮೇಲೆ ಕೂತು, ಮಧ್ಯಾಹ್ನದ ತನಕ ಕಾದು, ಖಾಲಿ ಕ್ಯಾರಿಯರ್ ತೆಗೆದುಕೊಂಡು ಹೋಗುತ್ತಿದ್ದಳು.

ದಾಸಪ್ಪ ಮೊದಮೊದಲು ತಮಾಷೆ ಮಾಡುತ್ತಿದ್ದ. "ಲೇ ಎಂಕ್ಟಿ, ನಾನೇನು ಬಾಣಂತಿಯೇನೇ? ದಿನಾ ಮೆಣಸಿನ ಸಾರು ಕುಡಿಸ್ತೀಯ. ಕೂಸು ಎಲ್ಲಿ, ತೋರ್ಸು" ಎನ್ನುತ್ತಿದ್ದ. ಡ್ರೆಸ್ಸಿಂಗ್ ಬದಲಿಸುವಾಗ ಕಿರುಚಿ ಕಿರುಚಿ ಸುಸ್ತಾದ ಮೇಲೂ ಅವಳನ್ನು ನಗಿಸಲು ಒಂದು ಮಾತು ಉಳಿಸಿಕೊಂಡಿರುತ್ತಿದ್ದ. ಎಂಟನೆಯ ದಿನದಿಂದ ತಮಾಷೆ ನಿಂತಿತು. ಜ್ವರ ಏರಿತು, ಕೆನ್ನೆ ಒಳಗೆ ಹೋಯಿತು. ಹತ್ತನೆಯ ದಿನ ಕಣ್ಣು ಮುಚ್ಚಿಕೊಂಡೇ ಕೇಳಿದ, "ಮೊಟ್ಟೆ ವಾಸ್ನೆ ಬತ್ತಾ ಐತೆ ಕಣೆ. ಒಂದು ಚೂರು ಕೊಡೇ." ಇಲ್ಲ ಕಣ್ರಿ, ಎಲ್ಲಿ ಮೊಟ್ಟೆ, ನಿಮ್ಮ ಭ್ರಮೆ ಎಂದು ಅವಳು ಹಣೆ ಸವರಿದ್ದಳು. ಅವನು ಮತ್ತೆ ಕೇಳಲಿಲ್ಲ. ಹೆಂಡತಿಯ ಮಾತನ್ನು ಅಷ್ಟು ಸುಲಭವಾಗಿ ನಂಬುವ ಗಂಡ ಆ ಬೀದಿಯಲ್ಲೇ ಇನ್ನೊಬ್ಬನಿರಲಿಲ್ಲ.

ಆ ಹನ್ನೆರಡನೆಯ ದಿನ ಡಾಕ್ಟರ್ ಮಹಾದೇವಿ ರಕ್ತದ ವರದಿ ಹಿಡಿದುಕೊಂಡು ಮಂಚದ ಬಳಿ ಬಹಳ ಹೊತ್ತು ನಿಂತರು. ಬಟ್ಟೆ ಸರಿಸಿ ಕಾಲು ನೋಡಿದರು. ಅಂಚೆಲ್ಲ ಹಸಿರುಗಟ್ಟಿ ಕೆಟ್ಟ ವಾಸನೆ ಬರುತ್ತಿತ್ತು. ಪಕ್ಕದಲ್ಲಿ ಇರಣ್ಣ ತೂಕದ ಯಂತ್ರ ಹತ್ತಿ ಇಳಿದಿದ್ದ, ನರ್ಸು ಮುಳ್ಳು ನೋಡಿ ನಗುತ್ತಿದ್ದರು. ಬಂದಾಗಿನದಕ್ಕಿಂತ ಮೂರು ಕೇಜಿ ಜಾಸ್ತಿ.

"ನಂಜು ಏರಾಕತ್ತೈತಿ ಅಮ್ಮಾರ" ಎಂದರು ಡಾಕ್ಟರಮ್ಮ. ಧ್ವನಿ ಸಣ್ಣದಾಗಿತ್ತು. "ರಕ್ತಕ್ಕ ಇಳಿದ್ರ ನಮ್ಮ ಕೈಯಾಗ ಇರಂಗಿಲ್ಲ. ಔಷಧ ಬದಲ್ ಮಾಡ್ತೀನಿ. ಆದ್ರ ಇವ್ರ ಮೈಯಾಗ ಶಕ್ತಿನ ಇಲ್ಲ. ಬೆನ್ನಿನ ಚರ್ಮ ತಗದು ಹಚ್ಚೂಣು ಅಂದ್ರ ಹಚ್ಚಿದ್ದು ಹಿಡಿಯಂಗಿಲ್ಲ. ಯಾಕ ಹಿಂಗಾತು ನನಗ ತಿಳೀವಲ್ದು."

ವೆಂಕಟಮ್ಮ ಎರಡೂ ಕೈ ಮುಗಿದು, ತನ್ನ ತಪ್ಪಿಲ್ಲವೆಂದು ತೋರಿಸುವ ಅವಸರದಲ್ಲಿ ಎಲ್ಲವನ್ನೂ ಹೇಳಿಬಿಟ್ಟಳು.

"ನೀವೇಳಿದ್ಮೇಲೆ ನಂಜಿನ ಪದಾರ್ತ ಒಂದು ಚೂರೂ ಕೊಟ್ಟಿಲ್ಲ ಡಾಕ್ಟ್ರಮ್ಮ! ದೇವ್ರಾಣೆ! ಮೊಟ್ಟೆ ಕೊಟ್ಟಿಲ್ಲ, ಬ್ಯಾಳೆ ಕೊಟ್ಟಿಲ್ಲ. ಎಲ್ಲಾ ಇರಣ್ಣಂಗೆ ಆಕಿವ್ನಿ, ಬೇಕಾದ್ರೆ ಕೇಳಿ. ಬರೀ ಮೆಣಸಿನ ಸಾರು, ಅನ್ನ. ಅದ್ಯಾಕೆ ನಂಜಾಯ್ತು ಡಾಕ್ಟ್ರಮ್ಮ, ನೀವೇ ಏಳಿ!"

ಇರಣ್ಣ ಯಂತ್ರದ ಪಕ್ಕದಲ್ಲೇ ನಿಂತು ತನ್ನ ಹೊಟ್ಟೆಯನ್ನು ನೋಡಿಕೊಂಡ. ಡಾಕ್ಟರಮ್ಮ ವರದಿಯನ್ನು ಮಡಿಸಿ ಜೇಬಿಗಿಟ್ಟರು, ಮತ್ತೆ ತೆಗೆದರು. ಬೈಯುತ್ತಾರೆಂದು ವೆಂಕಟಮ್ಮ ಕಾದಳು. ಆ ಹುಡುಗಿ ಬೈಯಲಿಲ್ಲ.

"ನಾನ ಹೇಳಿದ್ದು ಆ ಮಾತು" ಎಂದರು ಮೆಲ್ಲಗೆ. "ನಂಜು ಅಂತ ನಾನ ಅಂದಿದ್ದು. ತಪ್ಪು ನಂದು ಐತಿ, ನಿಮ್ಮದಲ್ಲ. ಇಲ್ಲಿ ಕೂಡ್ರಿ."

ಸ್ಟೂಲಿನ ಮೇಲೆ ಕೂರಿಸಿ, ಎದುರಿಗೆ ತಾವೂ ಕೂತರು. "ನೋಡ್ರಿ, ಚರ್ಮ ಅಂದ್ರ ಮೈಗೆ ಗ್ವಾಡಿ. ಅದು ಬಿದ್ದು ಹೋಗೇತಿ. ಒಳಗ ರಕ್ತದಾಗ ಕಾವಲು ಕಾಯೋ ಮಂದಿ ಇರ್ತಾರ. ಇಷ್ಟು ದೊಡ್ಡ ಪೆಟ್ಟು ಬಿದ್ರ ಅವ್ರೂ ದಿಕ್ಕೆಟ್ಟು, ದಣದು ಕೂತುಬಿಡ್ತಾರ. ಸುಟ್ಟಿದ್ದು ಕಾಲು, ಸೋತಿದ್ದು ಇಡೀ ಮೈ. ನನಗ ನಿಮಗ ಏನೂ ಮಾಡದ ಸಣ್ಣ ಹುಳ ಈಗ ಇವ್ರನ್ನ ಕೆಡವತಾವ. ಆ ಕಾವಲಿನವ್ರು ಎದ್ದು ನಿಲ್ಲಬೇಕಂದ್ರ ಅವ್ರಿಗೆ ಊಟ ಬೇಕು. ತತ್ತಿ, ಬ್ಯಾಳಿ, ಅದ ಅವ್ರ ಊಟ. ನಮ್ಮನ್ಯಾಗ ತತ್ತಿ ಮುಟ್ಟಂಗಿಲ್ಲ. ಆದ್ರೂ ಇಲ್ಲಿ ಬಂದವ್ರಿಗೆಲ್ಲ ನಾ ಕೈಮುಗದು ತಿನ್ನಸ್ತೀನಿ."

"ತಿನ್ನೋದ್ರಿಂದ ನಂಜಾಗಕಿಲ್ವಾ?"

"ಇಲ್ಲವ್ವಾ. ನಂಜು ಹೊಟ್ಟಿಯಿಂದ ಬರಂಗಿಲ್ಲ. ಹೊರಗಿಂದ ಬರತೈತಿ, ಗಾಯದ ಬಾಯಿಂದ. ಮಣ್ಣಿಂದ, ಕೈಯಿಂದ, ನೊಣದಿಂದ."

ವೆಂಕಟಮ್ಮ ಅಳಲಿಲ್ಲ. ಅಳಲು ಬಿಡುವಿರಲಿಲ್ಲ. ಕೈ ತೊಳೆದು ಬಂದು, ಇರಣ್ಣ ಓಡಿಹೋಗಿ ಅಡಿಗೆಮನೆಯಿಂದ ಬೇಡಿ ತಂದ ಮೊಟ್ಟೆಯನ್ನು ಎಲ್ಲರಿಗೂ ಕಾಣುವಂತೆ ಸುಲಿದಳು. ಉಗುರುಗಾತ್ರ ಮುರಿದು ಗಂಡನ ತುಟಿಗೆ ಇಟ್ಟಳು. ದಾಸಪ್ಪ ಕಣ್ಣು ತೆರೆಯದೆ ನಾಲಿಗೆಯ ಮೇಲೆ ಅದನ್ನು ಹೊರಳಿಸಿದ. ಗುರುತು ಸಿಕ್ಕಿತೇನೋ, ಒಂದು ಕಣ್ಣು ಅರ್ಧ ತೆರೆದ.

"ಕಳ್ಳಿ" ಎಂದ.

ಆಗ ಅತ್ತಳು. ಮುಖಕ್ಕೆ ಕಟ್ಟಿದ ಬಟ್ಟೆಯೊಳಗೇ ಅಳು ಇಂಗಿಹೋಯಿತು.

ಮುಂದಿನ ಒಂದು ವಾರ ಅವಳಿಗೆ ಹಗಲು ರಾತ್ರಿಗಳ ಲೆಕ್ಕವಿರಲಿಲ್ಲ. ಹಾಲಿನಲ್ಲಿ ಹಸಿ ಮೊಟ್ಟೆ ಕದಡಿ ಮೂಗಿನ ನಳಿಕೆಯಲ್ಲಿ ಇಳಿಸುತ್ತಾರೆಂದು ಗೊತ್ತಾದಾಗ, ನಳಿಕೆ ಬೇಡ, ನಾನು ಚಮಚದಲ್ಲೇ ಕುಡಿಸುತ್ತೇನೆ ಎಂದು ಹಟ ಹಿಡಿದಳು. ಒಂದು ಲೋಟಕ್ಕೆ ಒಂದು ಗಂಟೆ ಹಿಡಿಯುತ್ತಿತ್ತು. ಜ್ವರ ಇಳಿದು ಆಸೆ ತೋರಿಸುವುದು, ಮತ್ತೆ ಏರಿ ಕಾಡುವುದು. ಸಂಕ್ರಾಂತಿ ಬಂದು ಹೋದದ್ದು ಇರಣ್ಣ ಯಾರಿಂದಲೋ ಪಡೆದ ಎಳ್ಳುಬೆಲ್ಲವನ್ನು ಅವಳ ಅಂಗೈಗೆ ಹಾಕಿದಾಗ ತಿಳಿಯಿತು. ಅದರ ಮರುದಿನ ಡ್ರೆಸ್ಸಿಂಗ್ ಬಿಚ್ಚಿದ ಡಾಕ್ಟರಮ್ಮ ಅವಳನ್ನು ಕೈ ಬೀಸಿ ಕರೆದರು. ಹಸಿರು ಹೋಗಿ, ಗಾಯದ ತುಂಬ ಕೆಂಪು ಮಾಂಸ ಮೂಡಿತ್ತು. ಇಷ್ಟು ಚೆಂದದ ಬಣ್ಣವನ್ನು ಅವಳು ಯಾವ ಸೀರೆಯಲ್ಲೂ ಕಂಡಿರಲಿಲ್ಲ. ಸೋಮವಾರ ಚರ್ಮ ಹಚ್ಚೋಣ ಎಂದರು.

ಉಳಿದದ್ದು ಮಾರಕ್ಕನ ವಿಷಯ. ಆ ಒಂದು ವಾರವೂ ಮಾರಕ್ಕ ಪಥ್ಯದ ಕ್ಯಾರಿಯರ್ ತರುತ್ತಲೇ ಇದ್ದಳು. ವೆಂಕಟಮ್ಮ ಅದನ್ನು ತಾನೇ ಉಂಡು ಖಾಲಿ ಮಾಡಿ ಕೊಡುತ್ತಲೇ ಇದ್ದಳು. ಹೇಳುವ ಧೈರ್ಯ ಬಂದಿರಲಿಲ್ಲ. ಸಂಭ್ರಮದ ಸುದ್ದಿಯನ್ನಾದರೂ ಹೇಳೋಣವೆಂದು ಅಂದು ಹೊಂಗೆಮರದ ಕೆಳಗೆ ಓಡಿಬಂದಳು.

"ಅತ್ಗೆ, ಸೋಮವಾರ ಚರ್ಮ ಆಕ್ತಾರಂತೆ. ನಂಜೆಲ್ಲಾ ಇಳೀತಂತೆ!"

ಮಾರಕ್ಕ ಎರಡೂ ಕೈಗಳನ್ನು ಆಕಾಶಕ್ಕೆ ಮುಗಿದಳು. ಆಮೇಲೆ ಕ್ಯಾರಿಯರನ್ನು ಮಗುವಿನಂತೆ ತಟ್ಟಿದಳು. "ನೋಡ್ದಾ? ಪತ್ಯ ಅಂದ್ರೆ ಪತ್ಯ. ಔಸ್ದಿ ಆಮ್ಯಾಕೆ. ನಾನೇಳ್ದಂಗೆ ಕೇಳ್ದೆ, ನಿನ್ನ ತಾಳಿ ಉಳೀತು." ರಸ್ತೆಯ ಕಡೆ ನೋಡುತ್ತಾ ಹೇಳಿದಳು. "ಆವತ್ತು ನಂಗೆ ಇಷ್ಟು ಬುದ್ದಿ ಇದ್ದಿದ್ರೆ ನಮ್ಮಪ್ಪನೂ ಉಳೀತಿದ್ದ."

ಹದಿನೆಂಟು ವರ್ಷ ಒಂದೇ ಒಲೆಯಲ್ಲಿ ಬೇಯಿಸಿದರೂ ವೆಂಕಟಮ್ಮ ಈ ಮಾತನ್ನು ಕೇಳಿರಲಿಲ್ಲ. ಮಾವ ನೇಗಿಲು ತಗುಲಿ ಸತ್ತರೆಂಬುದಷ್ಟೇ ಗೊತ್ತಿತ್ತು.

"ನೇಗಿಲಿನ ಗುಳ ಕಾಲಿಗೆ ಒಡ್ದು ಇಷ್ಟಗಲ ಸೀಳಿತ್ತು" ಎಂದಳು ಮಾರಕ್ಕ. "ಅವ್ವಂಗೆ ಜರ. ನಾನೇ ಅಡ್ಗೆ. ಅವರೆಕಾಯಿ ಕಾಲ. ಅಪ್ಪಂಗೆ ಇಷ್ಟ ಅಂತ ಕಾಳು ಬಿಡಿಸಿ ಸಾರು ಮಾಡ್ದೆ. ಎಲ್ಡು ಸಲ ಇಕ್ಕಿಸ್ಕೊಂಡು ಉಂಡ. ನನ್ನ ತಲೆ ಸವರಿ, ನಮ್ಮವ್ವನ ಕೈ ರುಚಿ ಬಂದೈತೆ ನಿಂಗೆ ಅಂದ. ವಾರ ಆಗಿಲ್ಲ, ಹಲ್ಲು ಕಚ್ಕೊಂಡು ಮೈಯೆಲ್ಲಾ ಬಿಲ್ಲಿನಂಗೆ ಬಾಗ್ತು. ಗಾಯ ಆದೋನ್ಗೆ ಅವರೆಕಾಳು ಇಕ್ಕಿದ್ಯಾರು ಅಂತ ಊರೆಲ್ಲಾ ಕೇಳ್ದ್ರು. ಅವ್ವ ನನ್ನ ಮುಖ ನೋಡಿದ್ಲು, ಅಷ್ಟೇಯ. ಬೈಯ್ಲಿಲ್ಲ."

ವೆಂಕಟಮ್ಮನಿಗೆ ಥಟ್ಟನೆ ಒಂದು ನೆನಪಾಯಿತು. ಚಳಿಗಾಲ ಬಂತೆಂದರೆ ಮನೆಯಲ್ಲಿ ದಿನ ಬಿಟ್ಟು ದಿನ ಅವರೆಕಾಳು. ಸೊಗಡಿನ ಕಾಯಿ ಆರಿಸಿ ತಂದು, ರಾಶಿ ಬಿಡಿಸಿ, ಬೇಯಿಸಿ, ಎಲ್ಲರಿಗೂ ಬಡಿಸುವವಳು ಮಾರಕ್ಕನೇ. ಅವಳು ಮಾತ್ರ ಮುದ್ದೆಗೆ ಮಜ್ಜಿಗೆ ಹಾಕಿಕೊಂಡು ಏಳುತ್ತಿದ್ದಳು. ನನಗೆ ವಾಯು ಆಗುತ್ತದೆ ಎನ್ನುತ್ತಿದ್ದಳು. ಉಪ್ಪು ನೋಡಲೂ ಒಂದು ಹನಿ ನಾಲಿಗೆಗೆ ಬಿಟ್ಟುಕೊಂಡವಳಲ್ಲ.

ಸುಮ್ಮನಿದ್ದುಬಿಟ್ಟರೆ ಆಯಿತು. ತಮ್ಮನನ್ನು ಉಳಿಸಿದವಳು ತಾನೇ ಎಂಬ ಸುಖ ಮಾರಕ್ಕನಿಗೆ, ಮನೆಯಲ್ಲಿ ನೆಮ್ಮದಿ ತನಗೆ. ವೆಂಕಟಮ್ಮ ಒಂದು ಗಳಿಗೆ ಹಾಗೇ ಯೋಚಿಸಿದಳು. ಆದರೆ ಹತ್ತು ವರ್ಷದ ಆ ಹುಡುಗಿಯನ್ನು ಅಲ್ಲೇ ಒಲೆಯ ಮುಂದೆ ಕೂರಿಸಿ ಎದ್ದುಹೋಗುವುದು ಅವಳಿಂದ ಆಗಲಿಲ್ಲ.

"ಅತ್ಗೆ, ಒಂದು ಮಾತು ಏಳ್ತೀನಿ, ಬೇಕಾದ್ರೆ ಒಡೀರಿ" ಎಂದಳು. ಹೇಳಿದಳು. ಇರಣ್ಣನ ತೂಕದಿಂದ ಹಿಡಿದು ತಾನು ಉಂಡ ಪಥ್ಯದವರೆಗೆ ಒಂದನ್ನೂ ಬಿಡಲಿಲ್ಲ. "ನಂಜು ಒಟ್ಟೆಯಿಂದ ಬರಕಿಲ್ವಂತೆ ಅತ್ಗೆ. ಮಣ್ಣಿಂದ ಬತ್ತದಂತೆ, ಗಾಯದ ಬಾಯಿಂದ. ಮಾವಂಗೆ ಬಂದಿದ್ದೂ ನೇಗಿಲಿಂದ್ಲೇ ಅಲ್ವಾ. ಮೊಟ್ಟೆ, ಕಾಳು ತಿಂದ್ರೆ ತಡ್ಕೊಳ್ಳೋ ಸಕ್ತಿ ಬತ್ತದಂತೆ."

ಮಾರಕ್ಕನ ಬೆರಳುಗಳು ಕ್ಯಾರಿಯರಿನ ಚಿಲಕವನ್ನು ತೆಗೆಯುತ್ತಾ ಹಾಕುತ್ತಾ ಇದ್ದವು.

"ಅಂಗಾರೆ ನಮ್ಮಪ್ಪಂಗೆ ಸಾರಿಂದ ಆಗ್ಲಿಲ್ವಾ?"

"ಇಲ್ಲ ಅತ್ಗೆ."

"ಯಾರಂದ್ರು?"

"ಡಾಕ್ಟ್ರಮ್ಮನೇ ಅಂದ್ರು."

"ಆ ಹುಡ್ಗಿಗೆ ಏನು ಗೊತ್ತು!" ಎಂದು ಮಾರಕ್ಕ ಸಿಟ್ಟಿನಿಂದ ಎದ್ದಳು. ಕ್ಯಾರಿಯರನ್ನು ಎತ್ತಿಕೊಂಡು, ತುಂಬಿದ್ದನ್ನು ತುಂಬಿದ ಹಾಗೇ ಹೊತ್ತು, ಗೇಟು ದಾಟಿ ಹೊರಟುಹೋದಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಸೋಮವಾರ ದಾಸಪ್ಪನ ಕಾಲಿಗೆ ಚರ್ಮ ಹಚ್ಚಿದರು. ಅರಿವಳಿಕೆ ಇಳಿದು ಎಚ್ಚರವಾದವನು ಮೊದಲು ಕೇಳಿದ್ದು ಅಕ್ಕನನ್ನು. ಮನೆ ಒಡೆದೆನೇ ಎಂದು ವೆಂಕಟಮ್ಮ ಒಳಗೊಳಗೇ ಬೆಂದಳು.

ಅದಾದ ಐದನೆಯ ದಿನ ಬೆಳಿಗ್ಗೆ ಡಾಕ್ಟರಮ್ಮ ಪಟ್ಟಿ ಬಿಚ್ಚಿ, ಹಚ್ಚಿದ ಚರ್ಮವನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದರು. ಹಿಡಿದಿತ್ತು. ಇರಣ್ಣ ಬಿಡುಗಡೆಯ ಚೀಟಿ ಕೈಯಲ್ಲಿ ಹಿಡಿದೇ, ತಾನೇ ಹಚ್ಚಿದವನಂತೆ ವಾರ್ಡೆಲ್ಲ ಸುತ್ತಿ ಸುದ್ದಿ ಹೇಳಿದ. "ಅವ್ವಾರ, ಹೊರಗ ಯಾರೋ ನಿಮ್ಮನ್ನ ಕೇಳಾಕತ್ತಾರ" ಎಂದೂ ಹೇಳಿದ.

ಹೊಂಗೆಮರದ ಕೆಳಗೆ ಮಾರಕ್ಕ ಕೂತಿದ್ದಳು. ಮಡಿಲಲ್ಲಿ ಕ್ಯಾರಿಯರ್, ಪಕ್ಕದಲ್ಲಿ ರಾಗಿ ತುಂಬಿದ ಚೀಲ. ರಾಗಿಯೊಳಗೆ ಒಡೆಯದಂತೆ ಹುಗಿದಿಟ್ಟ ಮನೆಯ ಕೋಳಿಯ ಮೊಟ್ಟೆಗಳು.

"ಕಾವಿಗೆ ಕೂರಿಸ್ಬೇಕು ಅಂತ ಮಡಗಿದ್ದೆ. ಒಳಗೆ ಕೊಡು, ಬೇಯಿಸಿ ಕೊಡ್ಲಿ ಅವನಿಗೆ" ಎಂದಳು, ಮುಖ ನೋಡದೆ.

"ಚರ್ಮ ಇಡೀತಂತೆ ಅತ್ಗೆ."

ಮಾರಕ್ಕ ತಲೆಯಾಡಿಸಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು, ಕ್ಯಾರಿಯರಿನ ಚಿಲಕ ತೆಗೆದಳು. ಮೇಲಿನ ಡಬ್ಬಿಯಲ್ಲಿ ಮುದ್ದೆ. ಕೆಳಗಿನದನ್ನು ತೆರೆದಾಗ ಅವರೆಕಾಳಿನ ಸೊಗಡಿನ ವಾಸನೆ ಮೇಲೆದ್ದಿತು.

"ಇದು ಅವನಿಗಲ್ಲ. ನಿಂಗೂ ನಂಗೂ" ಎಂದಳು.

ಎರಡು ತಟ್ಟೆಗೆ ಬಡಿಸಿದಳು. ತನ್ನ ತಟ್ಟೆಯಿಂದ ಒಂದೇ ಒಂದು ಕಾಳನ್ನು ಎತ್ತಿಕೊಂಡು, ಸಿಪ್ಪೆ ಹಿಸುಕಿ, ಬಾಯಿಗೆ ಹಾಕಿಕೊಂಡಳು. ಬಹಳ ಹೊತ್ತು ಅಗಿದಳು. ಗೇಟಿನಾಚೆ ಬಸ್ಸೊಂದು ನಿಂತು ಜನರನ್ನು ಇಳಿಸಿ ಹೋಯಿತು.

"ಉಪ್ಪು ಸರಿ ಐತಾ ನೋಡು ಎಂಕಟಮ್ಮ. ನಂಗೆ ಗೊತ್ತಾಗ್ತಿಲ್ಲ."

ವೆಂಕಟಮ್ಮ ಒಂದು ತುತ್ತು ನುಂಗಿ, ಸರಿಯಾಗಿದೆ ಎಂದಳು. ಮಾರಕ್ಕ ಇನ್ನೊಂದು ಕಾಳು ತೆಗೆದುಕೊಂಡಳು.